ವಣಿಯ ತಾಮ್ರಪಟ, ಹಲಗಲಿಯ ಲಾವಣಿ

ಮುಂಬಯಿಯಿಂದ ಹೊರಡುತ್ತಿದ್ದ ‘ಇಂಡಿಯನ್ ಆಂಟಿಕ್ವರಿ’ ಎಂಬ ಸಂಶೋಧನ ಮಾಸಪತ್ರಿಕೆಯ 11ನೇ ಸಂಪುಟ ಬಂದದ್ದು 1882ರಲ್ಲಿ. ಆ ಸಂಪುಟದಲ್ಲಿ ಸುಮಾರು 30 ಪುಟಗಳ ಅಂತರದಲ್ಲಿ ಎರಡು ತಾಮ್ರಶಾಸನಗಳು ಅಚ್ಚಾಗಿವೆ. ಎರಡೂ ರಾಷ್ಟ್ರಕೂಟರ ಮೂರನೆಯ ಗೋವಿಂದನವು. ಎರಡನ್ನೂ ಓದಿ ಪ್ರಕಟಿಸಿದವರು ಬ್ರಿಟಿಷ್ ಸರ್ಕಾರದ ಅಧಿಕಾರಿ ಜಾನ್ ಫೇಯ್ತ್‌ಫುಲ್ ಫ್ಲೀಟ್.

ಮೊದಲನೆಯದು ಶಕ 726ರದು, ಅಂದರೆ ಕ್ರಿ.ಶ. 804. ಅದರ ಭಾಷೆ ಹಳಗನ್ನಡ. ಕಂಚಿಯ ದಂತಿಗನನ್ನು ಗೆದ್ದ ದೊರೆ ಕಪ್ಪ ತೆಗೆದುಕೊಳ್ಳಲು ಬಂದು ತುಂಗಭದ್ರೆಯ ದಡದ ರಾಮೇಶ್ವರ ತೀರ್ಥದಲ್ಲಿ ಬೀಡು ಬಿಟ್ಟಿದ್ದಾನೆ. ಅಲ್ಲಿ ಹಂದಿ ಬೇಟೆಯಾಡಿದ್ದಾನೆ. ಶಿವಧಾರಿ ಎಂಬ ಗೊರವನಿಗೆ ದತ್ತಿ ಬಿಟ್ಟಿದ್ದಾನೆ. ಮಹಾರಾಣಿ ಗಾಮುಂಡಬ್ಬೆಯ ಹೆಸರೂ ಅದರಲ್ಲಿದೆ. ಶಾಸನವೆಂದರೆ ಬರೀ ಬಿರುದಾವಳಿ ಎಂದುಕೊಂಡವರು ಇದನ್ನೊಮ್ಮೆ ಓದಬೇಕು. ಸೇನೆ, ಹೊಳೆ, ಬೇಟೆ, ಗೊರವ ಎಲ್ಲ ಸೇರಿ ಒಂದು ದಿನದ ಚಿತ್ರವೇ ಕಣ್ಣೆದುರು ಬರುತ್ತದೆ.

ಎರಡನೆಯದು ಶಕ 730ರದು. ಭಾಷೆ ಸಂಸ್ಕೃತ. ಸಿಕ್ಕಿದ್ದು ನಾಸಿಕ ಜಿಲ್ಲೆಯ ದಿಂಡೋರಿ ತಾಲ್ಲೂಕಿನ ವಣಿಯಲ್ಲಿ. ಹಾಗಾಗಿ ವಿದ್ವಾಂಸರ ಬಾಯಲ್ಲಿ ಅದು ‘ವಣಿ-ದಿಂಡೋರಿ ಶಾಸನ’. ನಾಸಿಕದೇಶದ ವಟನಗರ ವಿಷಯಕ್ಕೆ, ಅಂದರೆ ಆಡಳಿತ ವಿಭಾಗಕ್ಕೆ, ಸೇರಿದ ಅಂಬಕಗ್ರಾಮ ಎಂಬ ಊರನ್ನು ದಾನ ಕೊಟ್ಟ ಸಂಗತಿ ಅದರಲ್ಲಿದೆ. ದೊರೆ ಆಗ ಇದ್ದದ್ದು ಮಯೂರಖಂಡಿಯಲ್ಲಿ.

ಇಂದು ದಿಂಡೋರಿ ಎಂದರೆ ದ್ರಾಕ್ಷಿ ತೋಟಗಳ ಸೀಮೆ, ಸ್ವಾಮಿ ಸಮರ್ಥರ ಭಕ್ತರು ಸೇರುವ ಊರು. ನಾಸಿಕದ ಗೋದಾವರಿ ದಾಟಿ ಉತ್ತರಕ್ಕೆ ಹೋದರೆ ದಿಂಡೋರಿ, ಇನ್ನೂ ಮುಂದಕ್ಕೆ ವಣಿ. ವಣಿಯ ಮೇಲುಗಡೆ ಸಪ್ತಶೃಂಗಿ ದೇವಿಯ ಬೆಟ್ಟ, ಅದರೆದುರಿಗೆ ಮಾರ್ಕಂಡೇಯ ಬೆಟ್ಟ. ನವರಾತ್ರಿಯಲ್ಲಿ ಲಕ್ಷಗಟ್ಟಲೆ ಜನ ಈ ಹಾದಿಯಲ್ಲಿ ನಡೆಯುತ್ತಾರೆ. ಕವಿರಾಜಮಾರ್ಗದ ಕಾಲದ ದೊರೆ ಅಮೋಘವರ್ಷ ನೃಪತುಂಗನ ತಂದೆ ಈ ಬೆಟ್ಟಸಾಲಿನಲ್ಲೇ ಬೀಡು ಬಿಟ್ಟು ಶಾಸನ ಬರೆಸಿದ ಎಂದು ವಿದ್ವಾಂಸರು ಬಹುಕಾಲ ನಂಬಿದ್ದರು. ರಾಧನಪುರದ ಶಾಸನವೂ ಮಯೂರಖಂಡಿಯಿಂದಲೇ ಹೊರಟದ್ದು. ಅದನ್ನು ಇದೇ ಪತ್ರಿಕೆಯಲ್ಲಿ ಪ್ರಕಟಿಸಿದ ಜರ್ಮನ್ ವಿದ್ವಾಂಸ ಗೇಯೋರ್ಗ್ ಬ್ಯೂಲರ್, ಮಯೂರಖಂಡಿ ಎಂದರೆ ವಣಿಯ ಉತ್ತರಕ್ಕಿರುವ ಮೋರಖಂಡ ಕೋಟೆ ಎಂದರು.

ನಮ್ಮವರು ಇದನ್ನು ಸುಮ್ಮನೆ ಒಪ್ಪಿಕೊಳ್ಳಲಿಲ್ಲ. ಬೀದರ ಜಿಲ್ಲೆಯ ಬಸವಕಲ್ಯಾಣದ ಹತ್ತಿರ ಮೋರಖಂಡಿ ಎಂಬ ಊರಿದೆ. ಮಯೂರಖಂಡಿ ಅದೇ ಏಕಾಗಬಾರದು? ಹೆಸರು ತಾಳೆಯಾಗುತ್ತದೆ, ಮಾನ್ಯಖೇಟವೂ ದೂರವಲ್ಲ. ಇಂದು ಎಷ್ಟೋ ಪುಸ್ತಕಗಳು ಮಯೂರಖಂಡಿ ಬೀದರದಲ್ಲಿದೆ ಎಂದೇ ಬರೆಯುತ್ತವೆ. ನಾಸಿಕದ ಪರ ಇರುವವರ ವಾದವೆಂದರೆ, ದಾನ ಕೊಟ್ಟ ಊರೇ ಅಲ್ಲಿದೆ, ಬೀಡೂ ಅಲ್ಲೇ ಇರಬೇಕು ಎನ್ನುವುದು. ನನಗೆ ಈ ವಾದ ಗಟ್ಟಿಯಾಗಿ ಕಾಣುವುದಿಲ್ಲ. ತುಮಕೂರು ಜಿಲ್ಲೆಯ ಗುಬ್ಬಿ ತಾಲ್ಲೂಕಿನ ಕಡಬದಲ್ಲಿ ಸಿಕ್ಕ ಶಾಸನವೂ ಹೊರಟದ್ದು ಮಯೂರಖಂಡಿಯಿಂದಲೇ. ದಾನದ ಊರಿನ ಪಕ್ಕದಲ್ಲೇ ದೊರೆಯ ಬೀಡು ಇರಬೇಕೆಂದರೆ ಮಯೂರಖಂಡಿಯನ್ನು ಗುಬ್ಬಿಗೂ ತರಬೇಕಾಗುತ್ತದೆ! ಅದು ರಾಜಧಾನಿಯೇ, ಬರೀ ದಂಡು ಬೀಡುಬಿಟ್ಟ ಜಾಗವೇ ಎಂಬ ಪ್ರಶ್ನೆಯೂ ಇದೆ. 1934ರಲ್ಲಿ ರಾಷ್ಟ್ರಕೂಟರ ಮೇಲೆ ದೊಡ್ಡ ಪುಸ್ತಕ ಬರೆದ ಅ.ಸ. ಅಳತೇಕರ್ ಶಾಸನದ ಮಾತುಗಳನ್ನೇ ಒರೆಗೆ ಹಚ್ಚಿ, ದೊರೆ ಅಲ್ಲಿ ತಂಗಿದ್ದ ಎಂದಷ್ಟೇ ಅವು ಹೇಳುತ್ತವೆ, ರಾಜಧಾನಿ ಎನ್ನಲು ಆಧಾರ ಸಾಲದು ಎಂದರು. ನಾಸಿಕವೋ ಬೀದರವೋ ಎಂಬುದು ಇನ್ನೂ ತೀರ್ಮಾನವಾಗಿಲ್ಲ. 140 ವರ್ಷ ದಾಟಿದರೂ ಆ ಪುಟಗಳನ್ನು ಮತ್ತೆ ಮತ್ತೆ ತೆರೆಯಬೇಕಾಗಿದೆ. ಸಂಶೋಧನ ಪತ್ರಿಕೆಯೊಂದರ ಪ್ರಭಾವ ಎಂದರೆ ನನ್ನ ಮಟ್ಟಿಗೆ ಇದೇ.

ಈ ಮಾತನ್ನು ಇಷ್ಟು ಒತ್ತಿ ಹೇಳಲು ಕಾರಣವಿದೆ. ನಮ್ಮ ವಿಶ್ವವಿದ್ಯಾಲಯಗಳಲ್ಲಿ ಪತ್ರಿಕೆಯ ಪ್ರಭಾವವನ್ನು ಇಂದು ಅಂಕಿಯಲ್ಲಿ ಅಳೆಯುತ್ತಾರೆ. ‘ಇಂಪ್ಯಾಕ್ಟ್ ಫ್ಯಾಕ್ಟರ್’ ಎನ್ನುವುದು ಅದರ ಹೆಸರು. ಅಮೆರಿಕದ ಯೂಜೀನ್ ಗಾರ್ಫೀಲ್ಡ್ ಎಂಬವರ ಕಲ್ಪನೆಯಿಂದ ಹುಟ್ಟಿದ ಲೆಕ್ಕ. ಹಿಂದಿನ ಎರಡು ವರ್ಷಗಳಲ್ಲಿ ಪತ್ರಿಕೆ ಪ್ರಕಟಿಸಿದ ಲೇಖನಗಳನ್ನು ಈ ವರ್ಷ ಎಷ್ಟು ಸಲ ಉಲ್ಲೇಖಿಸಿದರು ಎಂದು ಎಣಿಸಿ, ಲೇಖನಗಳ ಸಂಖ್ಯೆಯಿಂದ ಭಾಗಿಸುವುದು. ವೈದ್ಯಶಾಸ್ತ್ರಕ್ಕೆ, ರಸಾಯನಶಾಸ್ತ್ರಕ್ಕೆ ಈ ಅಳತೆಗೋಲು ಸರಿಯಿರಬಹುದು. ಸಾಹಿತ್ಯಕ್ಕೆ ಎರಡು ವರ್ಷ ಯಾವ ಲೆಕ್ಕ? ಒಂದು ನಾಡಿನ ಸಾಹಿತ್ಯದ ಮೇಲೆ ಪತ್ರಿಕೆಯೊಂದು ಮಾಡಿದ ಪರಿಣಾಮ ನೋಡಬೇಕೆಂದರೆ ಕನ್ನಡದ ಮಟ್ಟಿಗೆ ‘ಇಂಡಿಯನ್ ಆಂಟಿಕ್ವರಿ’ಯಷ್ಟು ಒಳ್ಳೆಯ ಉದಾಹರಣೆ ಇನ್ನೊಂದಿಲ್ಲ.

ಅದನ್ನು 1872ರಲ್ಲಿ ಶುರುಮಾಡಿದವರು ಜೇಮ್ಸ್ ಬರ್ಜೆಸ್. ಸರ್ಕಾರದ ಪತ್ರಿಕೆಯಲ್ಲ, ಅವರ ಸ್ವಂತ ಸಾಹಸ. ಶಾಸನ, ನಾಣ್ಯ, ಜಾತ್ರೆ, ಗಾದೆ, ಭೂತಾರಾಧನೆ, ವ್ಯಾಕರಣ ಹೀಗೆ ಎಲ್ಲಕ್ಕೂ ಅಲ್ಲಿ ಜಾಗವಿತ್ತು. ಮೊದಲ ಸಂಪುಟದಲ್ಲೇ ಫರ್ಡಿನಾಂಡ್ ಕಿಟೆಲ್ ಸಂಸ್ಕೃತ ನಿಘಂಟುಗಳಲ್ಲಿ ಸೇರಿಕೊಂಡ ದ್ರಾವಿಡ ಪದಗಳ ಬಗ್ಗೆ ಬರೆದರು. 1875ರಲ್ಲಿ ಹಳಗನ್ನಡ ಸಾಹಿತ್ಯದ ಪರಿಚಯ ಬರೆದರು. ಅವರ ನಿಘಂಟು ಬಂದದ್ದು 1894ರಲ್ಲಿ. ಆ ಮಹಾಗ್ರಂಥದ ಹಿಂದೆ ಇಂಥ ಬಿಡಿ ಲೇಖನಗಳ ವರ್ಷಗಟ್ಟಲೆಯ ಅಭ್ಯಾಸವಿದೆ. ತುಳುನಾಡಿನ ಭೂತಗಳ ಪಾಡ್ದನಗಳನ್ನು ಎ.ಸಿ. ಬರ್ನೆಲ್ ಸಂಗ್ರಹಿಸಿಟ್ಟಿದ್ದರು. ಅವರು ತೀರಿಕೊಂಡ ಮೇಲೆ 1890ರ ದಶಕದಲ್ಲಿ ಅವು ಕಂತು ಕಂತಾಗಿ ಬಂದದ್ದೂ ಇಲ್ಲಿಯೇ.

ಎಲ್ಲೋರದ ಪ್ರಸಂಗವನ್ನೂ ಇಲ್ಲೇ ಹೇಳಿಬಿಡಬೇಕು. ಇಂದಿನ ಛತ್ರಪತಿ ಸಂಭಾಜಿನಗರ ಜಿಲ್ಲೆಯ ಎಲ್ಲೋರದಲ್ಲಿ ಒಂದೇ ಬಂಡೆಯಲ್ಲಿ ಕಡೆದ ಕೈಲಾಸ ದೇವಾಲಯವನ್ನು ರಾಷ್ಟ್ರಕೂಟರ ಒಂದನೆಯ ಕೃಷ್ಣ ಕಟ್ಟಿಸಿದ ಎಂದು ಇವತ್ತು ಶಾಲೆಯ ಮಗುವೂ ಹೇಳುತ್ತದೆ. ಅದು ಮೊದಲಿನಿಂದ ಗೊತ್ತಿದ್ದ ಸಂಗತಿಯಲ್ಲ. ಬರೋಡದ ತಾಮ್ರಶಾಸನದಲ್ಲಿ ಏಲಾಪುರದ ಬೆಟ್ಟದ ಮೇಲಿನ ಒಂದು ಅದ್ಭುತ ಕಟ್ಟಡದ ವರ್ಣನೆ ಬರುತ್ತದೆ. ಆಕಾಶದಲ್ಲಿ ಹೋಗುವ ದೇವತೆಗಳೂ ಬೆರಗಾಗುವಂಥದ್ದು, ಕಟ್ಟಿದ ಶಿಲ್ಪಿಯೇ ತನ್ನ ಕೆಲಸಕ್ಕೆ ತಾನೇ ಬೆರಗಾಗುವಂಥದ್ದು. ಫ್ಲೀಟ್ ಆ ಶಾಸನವನ್ನು 12ನೇ ಸಂಪುಟದಲ್ಲಿ ಪ್ರಕಟಿಸಿದರು. ಅದೇ ಸಂಪುಟದಲ್ಲಿ, 1883ರಲ್ಲಿ, ರಾಮಕೃಷ್ಣ ಗೋಪಾಲ ಭಂಡಾರ್ಕರ್ ಆ ಶ್ಲೋಕಗಳನ್ನು ಮತ್ತೆ ಕೈಗೆತ್ತಿಕೊಂಡು ಫ್ಲೀಟರ ಅರ್ಥವನ್ನು ತಿದ್ದಿದರು. ಏಲಾಪುರವೇ ಎಲ್ಲೋರ, ಆ ಕಟ್ಟಡವೇ ಕೃಷ್ಣನ ಕೈಲಾಸ ಎಂದು ತೋರಿಸಿದರು. ತಿದ್ದಿಸಿಕೊಂಡವರು ಆಳುವ ಸರ್ಕಾರದ ಅಧಿಕಾರಿ, ತಿದ್ದಿದವರು ಪುಣೆಯ ಸಂಸ್ಕೃತ ಪ್ರಾಧ್ಯಾಪಕರು. ಪತ್ರಿಕೆಯ ಪುಟದ ಮೇಲೆ ಮಾತ್ರ ಇಬ್ಬರೂ ಸಮಾನರು. ಮುಂದೆ ಫ್ಲೀಟರೇ ಪತ್ರಿಕೆಯ ಸಂಪಾದಕರಲ್ಲಿ ಒಬ್ಬರಾದರು.

ಕನ್ನಡದ ಅತಿ ದೊಡ್ಡ ಸಾಹಿತ್ಯ ವಾದಗಳಲ್ಲಿ ಒಂದು ಹೀಗೆಯೇ ಬೆಳೆಯಿತು. ಕವಿರಾಜಮಾರ್ಗ ಅಚ್ಚಾದದ್ದು 1898ರಲ್ಲಿ. ಸಂಪಾದಿಸಿದವರು ಪುಣೆಯ ಡೆಕ್ಕನ್ ಕಾಲೇಜಿನಲ್ಲಿ ಪಾಠ ಹೇಳುತ್ತಿದ್ದ ಕನ್ನಡಿಗ ಕೆ.ಬಿ. ಪಾಠಕ್. ಗ್ರಂಥ ನೃಪತುಂಗ ದೊರೆಯದೇ ಎಂದು ಅವರ ಅಭಿಪ್ರಾಯ. ಫ್ಲೀಟ್ ಒಪ್ಪಲಿಲ್ಲ. ನಿವೃತ್ತರಾಗಿ ಇಂಗ್ಲೆಂಡಿಗೆ ಮರಳಿದ್ದ ಅವರು 1904ರ ‘ಇಂಡಿಯನ್ ಆಂಟಿಕ್ವರಿ’ಯಲ್ಲಿ ದೀರ್ಘ ಲೇಖನ ಬರೆದು, ಗ್ರಂಥಕರ್ತೃ ದೊರೆಯಲ್ಲ, ಕವೀಶ್ವರನೆಂಬ ಆಸ್ಥಾನ ಕವಿ ಎಂದು ಪಟ್ಟು ಹಿಡಿದರು. ಅವರು ಹೇಳಿದ ಹೆಸರು ನಿಲ್ಲಲಿಲ್ಲ. ದೊರೆಯ ಹೆಸರಿನ ಹಿಂದೆ ಇನ್ನೊಬ್ಬ ಕವಿ ಇದ್ದಾನೆ ಎಂಬ ಶಂಕೆ ಮಾತ್ರ ನಿಂತಿತು. ಕನ್ನಡ ವಿದ್ವಾಂಸರು ಎರಡು ಮೂರು ತಲೆಮಾರು ಗ್ರಂಥವನ್ನು ಅಕ್ಷರ ಅಕ್ಷರ ಬಿಡಿಸಿ ನೋಡಿದರು. ಮುಳಿಯ ತಿಮ್ಮಪ್ಪಯ್ಯನವರಂಥವರು ಇದರ ಮೇಲೆ ಪುಸ್ತಕವನ್ನೇ ಬರೆದರು. ಶ್ರೀವಿಜಯ ಎಂಬ ಕವಿಯೇ ಕರ್ತೃ ಎಂಬ ಅಭಿಪ್ರಾಯ ಗಟ್ಟಿಯಾಗಿ, ಎಂ.ವಿ. ಸೀತಾರಾಮಯ್ಯನವರ ಸಂಪಾದನೆ ಶ್ರೀವಿಜಯನ ಹೆಸರಿನಲ್ಲೇ ಬಂತು.

ದೊರೆ ಬರೆದದ್ದು ಎಂದು ಓದುವುದಕ್ಕೂ ಕವಿ ಬರೆದದ್ದು ಎಂದು ಓದುವುದಕ್ಕೂ ಬಹಳ ವ್ಯತ್ಯಾಸವಿದೆ. ದಕ್ಷಿಣಕ್ಕೆ ಕಾವೇರಿ, ಉತ್ತರಕ್ಕೆ ಗೋದಾವರಿ ಎಂದು ಆ ಗ್ರಂಥ ಕನ್ನಡ ನಾಡಿನ ಎಲ್ಲೆ ಗುರುತಿಸುತ್ತದೆ. ದೊರೆಯ ಬಾಯಲ್ಲಿ ಅದು ಆಳ್ವಿಕೆಯ ಗಡಿಯಾಗುತ್ತಿತ್ತು. ಕವಿಯ ಬಾಯಲ್ಲಿ ನುಡಿಯ ಹರವಾಗುತ್ತದೆ. ದಿಂಡೋರಿ ಇರುವುದು ಗೋದಾವರಿಯ ಆಚೆ ದಡದ ಸೀಮೆಯಲ್ಲಿ. ಗೋವಿಂದನ ಆಳ್ವಿಕೆ ಅಲ್ಲಿಂದಾಚೆ ಗುಜರಾತಿನವರೆಗೂ ಹೋಗಿತ್ತು, ಆದರೂ ಕವಿರಾಜಮಾರ್ಗ ಕನ್ನಡದ ಗೆರೆಯನ್ನು ಹೊಳೆಯ ಬಳಿಯೇ ನಿಲ್ಲಿಸಿತು. ರಾಜ್ಯ ಬೇರೆ, ನುಡಿನಾಡು ಬೇರೆ ಎಂಬ ಈ ತಿಳಿವಳಿಕೆ 9ನೇ ಶತಮಾನದಲ್ಲೇ ನಮ್ಮಲ್ಲಿತ್ತು ಎನ್ನುವುದು ವಣಿಯ ಶಾಸನವನ್ನೂ ಕವಿರಾಜಮಾರ್ಗವನ್ನೂ ಪಕ್ಕಪಕ್ಕದಲ್ಲಿ ಇಟ್ಟು ಓದಿದಾಗ ತಿಳಿಯುತ್ತದೆ. ಮುಂದೆ 1998ರಲ್ಲಿ ಷೆಲ್ಡನ್ ಪೊಲಾಕ್ ಅಮೆರಿಕದ ‘ಜರ್ನಲ್ ಆಫ್ ಏಷ್ಯನ್ ಸ್ಟಡೀಸ್’ನಲ್ಲಿ ದೇಶಭಾಷೆಗಳ ಹುಟ್ಟಿನ ಬಗ್ಗೆ ಬರೆದಾಗ ಅವರ ಮುಖ್ಯ ಸಾಕ್ಷಿ ಕವಿರಾಜಮಾರ್ಗವೇ. 2000ದಲ್ಲಿ ಹೆಗ್ಗೋಡಿನ ಕೆ.ವಿ. ಸುಬ್ಬಣ್ಣ ‘ಕವಿರಾಜಮಾರ್ಗ ಮತ್ತು ಕನ್ನಡ ಜಗತ್ತು’ ಬರೆದರು. ಮುಂಬಯಿಯ ಪತ್ರಿಕೆಯೊಂದರಲ್ಲಿ ಬೆಳೆದ ಕರ್ತೃತ್ವದ ಜಗಳದಿಂದ ಕನ್ನಡದ ಲೋಕದೃಷ್ಟಿಯ ಚರ್ಚೆಯವರೆಗೆ ಸುಮಾರು 100 ವರ್ಷದ ಹಾದಿ.

ನಾಡು ಕಟ್ಟಿದ ಬಗೆಯೂ ಹೀಗೆಯೇ. 1917ರಲ್ಲಿ ಆಲೂರು ವೆಂಕಟರಾಯರು ‘ಕರ್ನಾಟಕ ಗತವೈಭವ’ ಬರೆದಾಗ ಅವರ ಕೈಯಲ್ಲಿದ್ದ ಸಾಮಗ್ರಿ ಫ್ಲೀಟ್, ಭಂಡಾರ್ಕರ್ ಮುಂತಾದವರು ಶಾಸನಗಳಿಂದ ಕೂಡಿಸಿದ್ದು. ಮಾಸಪತ್ರಿಕೆಯ ಅಡಿಟಿಪ್ಪಣಿಗಳು ಆಲೂರರ ಗದ್ಯದಲ್ಲಿ ಕರುಳಿಗೆ ತಾಗುವ ಮಾತಾದವು, ಏಕೀಕರಣದ ಭಾಷಣಗಳಾದವು. 1930ರ ದಶಕದಲ್ಲಿ ಶಂಬಾ ಜೋಶಿ ‘ಕಣ್ಮರೆಯಾದ ಕನ್ನಡ’, ‘ಮಹಾರಾಷ್ಟ್ರದ ಮೂಲ’ ಬರೆದು ಗೋದಾವರಿಯ ಸುತ್ತಿನ ಊರ ಹೆಸರುಗಳಲ್ಲಿ ಕನ್ನಡವನ್ನು ಹುಡುಕಿದರು. ಅವರ ಎಲ್ಲ ತೀರ್ಮಾನಗಳನ್ನು ನಾನು ಒಪ್ಪಲಾರೆ. ಕೆಲವೆಡೆ ಹಂಬಲ ಸಾಕ್ಷ್ಯವನ್ನು ಮೀರಿ ಓಡಿದೆ. ಆದರೆ ಹುಡುಕಬೇಕೆಂಬ ಹಂಬಲ ಹುಟ್ಟಲೂ ಸಾಮಗ್ರಿ ಎದುರಿಗಿರಬೇಕಲ್ಲ.

ಇಷ್ಟೆಲ್ಲ ಶಾಸನ, ಶಾಸ್ತ್ರ. ನನ್ನ ಮನಸ್ಸು ಹೆಚ್ಚು ನಿಲ್ಲುವುದು ಇನ್ನೊಂದು ಕಡೆ.

1885ರಿಂದ ಕೆಲವು ವರ್ಷ ಫ್ಲೀಟ್ ಇದೇ ಪತ್ರಿಕೆಯಲ್ಲಿ ಕನ್ನಡ ಲಾವಣಿಗಳನ್ನು ಪ್ರಕಟಿಸಿದರು. ಬೆಳಗಾವಿ, ಧಾರವಾಡ, ಕಲಾದಗಿ ಸೀಮೆಯಲ್ಲಿ ನೌಕರಿ ಮಾಡುತ್ತಿದ್ದಾಗ ಕೂಡಿಸಿದವು. ಕನ್ನಡ ಪಾಠ, ಜೊತೆಗೆ ಇಂಗ್ಲಿಷ್ ಅನುವಾದ. ಮೊದಲನೆಯದು ಸಂಗೊಳ್ಳಿ ರಾಯಣ್ಣನದು. ಎರಡನೆಯದು ಮುಧೋಳ ಸಂಸ್ಥಾನದ ಹಲಗಲಿಯ ಬೇಡರದು. ಆಮೇಲೆ ಆದಾಯ ತೆರಿಗೆ ಹೇರಿದ್ದರ ಮೇಲಿನ ಹಾಡು, ಬೈಲಹೊಂಗಲದ ಸಂಗ್ಯಾನ ಕಥೆ, ಚೆನ್ನವ್ವನ ಸೊಸೆಯ ಹಾಡು.

ಈ ಆಯ್ಕೆಯನ್ನು ಒಂದು ಕ್ಷಣ ನೋಡಿ. ರಾಯಣ್ಣನನ್ನು ನಂದಗಡದಲ್ಲಿ ಗಲ್ಲಿಗೇರಿಸಿದ್ದು 1831ರಲ್ಲಿ. ಏರಿಸಿದ್ದು ಕಂಪನಿ ಸರ್ಕಾರ. ಹಲಗಲಿಯನ್ನು ಸುಟ್ಟದ್ದು 1857ರ ನವೆಂಬರ್‌ನಲ್ಲಿ. ಆಯುಧ ಒಪ್ಪಿಸಿ ಎಂಬ ಹುಕುಂ ಬಂತು. ಹನುಮ, ಬಾಲ, ಜಡಗ, ರಾಮ ಮುಂತಾದ ಬೇಡರು ಒಪ್ಪಿಸುವುದಿಲ್ಲ ಎಂದರು. ದಂಡು ಬಂದು ಊರನ್ನೇ ಹಾಳುಗೆಡವಿತು. ಆ ಸರ್ಕಾರದ ಉತ್ತರಾಧಿಕಾರಿ ಸರ್ಕಾರದ ಅಧಿಕಾರಿಯೇ, ಹಲಗಲಿಯ ಘಟನೆ ನಡೆದು 30 ವರ್ಷ ಆಗುವ ಮುಂಚೆ, ಬಂಡಾಯಗಾರರ ಪರವಾಗಿ ಜನ ಹಾಡುತ್ತಿದ್ದ ಹಾಡನ್ನು ಬರೆದುಕೊಂಡು ಅಚ್ಚು ಹಾಕಿಸಿದ. ಫ್ಲೀಟರನ್ನು ಕನ್ನಡದ ಉದ್ಧಾರಕ ಎಂದು ಮೆರೆಸಲು ನಾನು ಹೊರಟಿಲ್ಲ. ಆಳುವವರಿಗೆ ಆಳಿಸಿಕೊಳ್ಳುವವರ ಹಾಡು ತಿಳಿದಿರಬೇಕಾದ ಅಗತ್ಯವೂ ಇತ್ತು. ಆದರೂ ಪಾಠವನ್ನು ಅವರು ತಮಗೆ ಬೇಕಾದಂತೆ ತಿರುಚದೆ ಕನ್ನಡದಲ್ಲೇ ಉಳಿಸಿದರು. ಅನುವಾದ ಮಾತ್ರ ಕೊಟ್ಟು ಮೂಲವನ್ನು ಬಿಟ್ಟಿದ್ದರೆ ಇಂದು ನಮ್ಮ ಕೈಗೆ ಏನು ಸಿಗುತ್ತಿತ್ತು?

ಹತ್ತನೇ ತರಗತಿಯ ಕನ್ನಡ ಪಠ್ಯದಲ್ಲಿ ಮಕ್ಕಳು ಹಲಗಲಿ ಬೇಡರ ಲಾವಣಿ ಓದುತ್ತಾರೆ. ಅದು ಬಿ.ಎಸ್. ಗದ್ದಗಿಮಠರ ಸಂಗ್ರಹದಿಂದ ಆರಿಸಿದ್ದು. ಹಾಡು ಹಾಡುಗಾರರ ಬಾಯಲ್ಲೂ ಉಳಿದಿತ್ತು ಎನ್ನುವುದಕ್ಕೆ ಇದೇ ಸಾಕ್ಷಿ. ಆ ಲಾವಣಿಯಲ್ಲಿ ನನ್ನನ್ನು ಹಿಡಿದು ನಿಲ್ಲಿಸುವುದು ಯುದ್ಧದ ಭಾಗವಲ್ಲ, ಲೂಟಿಯ ಭಾಗ. ದಂಡಿನವರು ಏನೇನು ಹೊತ್ತೊಯ್ದರು ಎಂದು ಕವಿ ಪಟ್ಟಿ ಕೊಡುತ್ತಾನೆ. ಕಬ್ಬಿಣದ ಸಾಮಾನಿನಿಂದ ಹಿಡಿದು ಮೊಸರು, ಬೆಣ್ಣೆ, ಉಪ್ಪು, ಜೀರಿಗೆಯವರೆಗೆ. ತಾಳಿಯನ್ನೂ ಬಿಡಲಿಲ್ಲ, ಬೀಸುವ ಕಲ್ಲನ್ನೂ ಬಿಡಲಿಲ್ಲ. ಸರ್ಕಾರಿ ವರದಿ ಸತ್ತವರನ್ನು, ಸೆರೆಸಿಕ್ಕವರನ್ನು ಎಣಿಸುತ್ತದೆ. ಜೀರಿಗೆ ಹೋದದ್ದನ್ನು ಬರೆದಿಟ್ಟದ್ದು ಲಾವಣಿ ಮಾತ್ರ. ಹದಿನೈದು ವರ್ಷದ ಮಗುವಿಗೆ 1857 ಅರ್ಥವಾಗುವುದು ಆ ಜೀರಿಗೆಯಿಂದ ಎಂದು ನಾನು ನಂಬಿದ್ದೇನೆ.

ಸಂಗ್ಯಾನ ಹಾದಿ ಬೇರೆ. ಗೆಳೆಯನ ಹೆಂಡತಿ ಗಂಗೆಗೆ ಮನಸೋತು ಕೊಲೆಯಾದವನ ಕಥೆ ‘ಸಂಗ್ಯಾ ಬಾಳ್ಯಾ’ ಸಣ್ಣಾಟವಾಗಿ ಉತ್ತರ ಕರ್ನಾಟಕದ ಹಳ್ಳಿ ಹಳ್ಳಿ ತಿರುಗಿತು. ಚಂದ್ರಶೇಖರ ಕಂಬಾರರು ಅದನ್ನು ಸಂಪಾದಿಸಿದರು, ಜನಪದ ರಂಗಭೂಮಿಯ ಮೇಲೆ ಸಂಶೋಧನೆ ಮಾಡಿದರು. ಆ ಮಣ್ಣಿನ ಮಾತು, ಆ ಕುಣಿತ ಅವರ ‘ಜೋಕುಮಾರಸ್ವಾಮಿ’ಯಲ್ಲಿ ಹೊಸ ರೂಪ ತಾಳಿತು. ಮುಂದೆ ‘ಸಂಗ್ಯಾ ಬಾಳ್ಯಾ’ ಸಿನಿಮಾ ಕೂಡ ಆಯಿತು. ಇಷ್ಟಕ್ಕೆಲ್ಲ ಫ್ಲೀಟರ ಲೇಖನವೇ ಕಾರಣ ಎಂದರೆ ಹಾಡುಗಾರರಿಗೂ ಆಟದವರಿಗೂ ಅನ್ಯಾಯ ಮಾಡಿದಂತೆ. ಆದರೆ ಕಥೆ 1880ರ ದಶಕದಲ್ಲಿ ಯಾವ ರೂಪದಲ್ಲಿತ್ತು, ಸಣ್ಣಾಟ ಅದಕ್ಕೆ ಏನು ಸೇರಿಸಿತು, ಏನು ಬಿಟ್ಟಿತು ಎಂದು ಕೇಳುವವರಿಗೆ ದಿನಾಂಕವಿರುವ ಪಾಠವೊಂದು ಆ ಪತ್ರಿಕೆಯಲ್ಲಿದೆ.

ಅದರ ದೊಡ್ಡ ಕೊರತೆಯನ್ನು ಮುಚ್ಚಿಡಬಾರದು. ಪತ್ರಿಕೆ ಇಂಗ್ಲಿಷಿನದು. ಹಲಗಲಿಯವನು ತನ್ನ ಊರಿನ ಹಾಡು ಅಚ್ಚಾಗಿದೆ ಎಂದು ತಿಳಿಯುವ ದಾರಿಯೇ ಇರಲಿಲ್ಲ. ಈ ಕೊರತೆ ತುಂಬಲು ಕನ್ನಡದ ಪತ್ರಿಕೆಗಳೇ ಬರಬೇಕಾಯಿತು. ಸಾಹಿತ್ಯ ಪರಿಷತ್ತು ಹುಟ್ಟಿದ ಮರುವರ್ಷವೇ, 1916ರಲ್ಲಿ, ‘ಪರಿಷತ್ಪತ್ರಿಕೆ’ ಬಂತು. 1919ರಲ್ಲಿ ಬೆಂಗಳೂರಿನ ಸೆಂಟ್ರಲ್ ಕಾಲೇಜಿನ ಕರ್ಣಾಟಕ ಸಂಘದಿಂದ ಎ.ಆರ್. ಕೃಷ್ಣಶಾಸ್ತ್ರಿಗಳ ‘ಪ್ರಬುದ್ಧ ಕರ್ಣಾಟಕ’ ಬಂತು. 1926ರಲ್ಲಿ ವಿಜಯಪುರದಿಂದ ಫ.ಗು. ಹಳಕಟ್ಟಿಯವರ ‘ಶಿವಾನುಭವ’. ವಕೀಲಿ ಮಾಡಿಕೊಂಡಿದ್ದ ಹಳಕಟ್ಟಿಯವರು ಮಠ, ಮನೆಗಳ ತಾಡೋಲೆಗಳನ್ನು ಹುಡುಕಿ ತಂದು, ಇದ್ದ ಮನೆಯನ್ನೂ ಮಾರಿ ಮುದ್ರಣಾಲಯ ಹಾಕಿ, ವಚನಗಳನ್ನು ಕಂತು ಕಂತಾಗಿ ಜನರ ಮುಂದಿಟ್ಟರು. ಅವರು ಬೆಳಕಿಗೆ ತಂದ ವಚನಕಾರರು 200ಕ್ಕೂ ಹೆಚ್ಚು. ಇಂದು ಕನ್ನಡ ಸಾಹಿತ್ಯ ಎಂದ ಕೂಡಲೇ ವಚನ ಎನ್ನುತ್ತೇವೆ. 100 ವರ್ಷದ ಹಿಂದೆ ಹಾಗೆ ಅನ್ನುವಂತಿರಲಿಲ್ಲ. ಒಂದು ಪತ್ರಿಕೆ ಒಂದು ನಾಡಿನ ಸಾಹಿತ್ಯದ ನಕ್ಷೆಯನ್ನೇ ಬದಲಿಸಿತು ಎನ್ನಲು ‘ಶಿವಾನುಭವ’ಕ್ಕಿಂತ ಬೇರೆ ಸಾಕ್ಷಿ ಬೇಕಿಲ್ಲ. ಅದನ್ನು ಯಾವ ಎರಡು ವರ್ಷದ ಲೆಕ್ಕಕ್ಕೆ ಹಾಕುತ್ತೀರಿ?

ಈಗಿನ ಸ್ಥಿತಿ ನೋಡಿದರೆ ಸಂಕಟವಾಗುತ್ತದೆ. ಅಧ್ಯಾಪಕರ ಬಡ್ತಿಗೆ ಅಂಕ, ಅಂಕಕ್ಕೆ ಲೇಖನ, ಲೇಖನಕ್ಕೆ ಪತ್ರಿಕೆ ಎಂದಾದ ಮೇಲೆ ದುಡ್ಡು ಕೊಟ್ಟರೆ ವಾರದಲ್ಲಿ ಏನನ್ನೂ ಅಚ್ಚು ಹಾಕುವ ಪತ್ರಿಕೆಗಳು ನಾಯಿಕೊಡೆಗಳಂತೆ ಎದ್ದವು. ಅವುಗಳನ್ನು ತಡೆಯಲೆಂದು ಯುಜಿಸಿ ‘ಕೇರ್’ ಎಂಬ ಪಟ್ಟಿ ಮಾಡಿತು. ಅದರ ಕೆಲಸ ನಡೆದದ್ದು ಪುಣೆಯ ಸಾವಿತ್ರಿಬಾಯಿ ಫುಲೆ ವಿಶ್ವವಿದ್ಯಾಲಯದಲ್ಲಿ. 2019ರಿಂದ ಚಾಲ್ತಿಯಲ್ಲಿದ್ದ ಆ ಪಟ್ಟಿಯನ್ನು 2025ರ ಫೆಬ್ರವರಿಯಲ್ಲಿ ನಿಲ್ಲಿಸಿ, ಒಳ್ಳೆಯ ಪತ್ರಿಕೆ ಯಾವುದೆಂದು ಸಂಸ್ಥೆಗಳೇ ನಿರ್ಧರಿಸಲಿ ಎಂದರು. ಕನ್ನಡ ವಿಭಾಗಗಳಿಗೆ ಇದು ಒದಗಿ ಬಂದ ಸದವಕಾಶ. ತಮ್ಮ ಅಳತೆಗೋಲನ್ನು ತಾವೇ ಮಾಡಿಕೊಳ್ಳಬಹುದು. ಈ ಪತ್ರಿಕೆ ಇದುವರೆಗೆ ಅಚ್ಚಾಗದ ಯಾವ ಪಾಠವನ್ನು ಪ್ರಕಟಿಸಿತು? ಹಿಂದಿನ ಯಾವ ತಪ್ಪನ್ನು ತಿದ್ದಿತು, ತಿದ್ದಿದವರಿಗೆ ಎದುರು ಮಾತಾಡಲು ಅದೇ ಪುಟದಲ್ಲಿ ಜಾಗ ಕೊಟ್ಟಿತೇ? ಅದರಲ್ಲಿ ಬಂದದ್ದು ತರಗತಿಗೆ, ರಂಗಕ್ಕೆ, ಹಾಡಿಗೆ ಹೋಗಬಲ್ಲುದೇ? ಉಲ್ಲೇಖಗಳನ್ನು ಎಣಿಸುವುದಕ್ಕಿಂತ ಇದು ಕಷ್ಟದ ಕೆಲಸ. ಓದಿ ನೋಡದೆ ಉತ್ತರ ಕೊಡಲು ಬರುವುದಿಲ್ಲ.

ಇಂಥ ಪತ್ರಿಕೆಯೊಂದು ಕೂಡಲೇ ಕೈಹಾಕಬಹುದಾದ ಕೆಲಸ ಕಣ್ಣೆದುರಿಗೇ ಇದೆ. ಫ್ಲೀಟರ ಆ ಲಾವಣಿಗಳನ್ನು ಹಳೆಯ ಸಂಪುಟಗಳಿಂದ ಎತ್ತಿ ಕನ್ನಡದ ಓದುಗರ ಮುಂದೆ ಒಟ್ಟಿಗೆ ಇಡಬೇಕು. ಪಕ್ಕದಲ್ಲಿ ಗದ್ದಗಿಮಠರ ಪಾಠ ಬರಬೇಕು. ಅದರ ಪಕ್ಕದಲ್ಲಿ ಇವತ್ತು ಮುಧೋಳ, ಬೈಲಹೊಂಗಲ ಸುತ್ತಮುತ್ತ ಹಾಡುವವರ ಬಾಯಿಪಾಠ ಬರಬೇಕು, ಹಾಡಿದವರ ಹೆಸರು, ಊರು, ಹಾಡಿದ ದಿನದ ಸಮೇತ. ಒಬ್ಬ ಸಂಪಾದಕ, ಧ್ವನಿ ಮುದ್ರಿಸಿಕೊಳ್ಳುವ ಒಂದಿಬ್ಬರು ವಿದ್ಯಾರ್ಥಿಗಳು, ವರ್ಷದ ತಿರುಗಾಟಕ್ಕೆ ಸಾಲುವಷ್ಟು ಹಣ ಇದ್ದರೆ ಆಗುವ ಕೆಲಸ. ಹಳಬರಿಂದ ಪದ ಕಲಿತವರು ಇನ್ನೂ ಇರುವಾಗಲೇ ಹೊರಡಬೇಕು.